ಗಿರಣಿ ಪರಮಶಿವಪ್ಪನವರ ಸಬ್‌ವೂಫರ್

"ಎತ್ತಬ್ಯಾಡ್ರಿ, ತಳ್ರಿ! ಎತ್ತಿದ್ರೆ ಸೊಂಟ ಹೋಗ್ತೈತೆ!" ಎಂದು ಸಿದ್ಧಲಿಂಗೇಶ ಕೂಗುವಷ್ಟರಲ್ಲಿ ತ್ರ್ಯಂಬಕ ಭಟ್ಟರು ಆ ಕರಿಯ ಪೆಟ್ಟಿಗೆಯ ಹಿಂದೆ ಕುಕ್ಕರಗಾಲಲ್ಲಿ ಕೂತು ಎರಡೂ ಕೈ ಕೊಟ್ಟಾಗಿತ್ತು. ಮುಂದಿನಿಂದ ಇಬ್ಬರು ಎಳೆದರು, ಹಿಂದಿನಿಂದ ಇವರು ನೂಕಿದರು. ಪೆಟ್ಟಿಗೆ ಕಿರುಗುಟ್ಟುತ್ತಾ ಕಿಟಕಿಯ ಕಡೆಗೆ ಎರಡಡಿ ಸರಿಯಿತು.

ಟಿವಿ ಸ್ಟ್ಯಾಂಡನ್ನು ಆಗಲೇ ಒಳಕೋಣೆಗೆ ಸಾಗಿಸಿದ್ದರು. ಪರಮಶಿವಪ್ಪನವರ ದೇಹವನ್ನು ಆ ಗೋಡೆಗೇ ಒರಗಿಸಿ ಕೂರಿಸಬೇಕೆಂದು ಮಠದ ಅಯ್ಯನವರು ಹೇಳಿದ್ದರು. ಹಿತ್ತಲಲ್ಲಿ ಸ್ನಾನ ಮಾಡಿಸುತ್ತಿದ್ದರು.

ಆ ದಿನ ಬೀದಿಯಲ್ಲಿ ಎಲ್ಲರಿಗಿಂತ ಮೊದಲು ಬಂದವರು ಭಟ್ಟರೇ. ಈ ಮನೆಗೂ ಅವರ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಆದರೂ ಪರಮಶಿವಪ್ಪನವರ ಜೊತೆ ಮೂರು ವರ್ಷದಿಂದ ಮಾತಿರಲಿಲ್ಲ. ಅಂಥವರು ಆರೂವರೆಗೇ ಬಂದು ಶಾಮಿಯಾನದ ಹಗ್ಗ ಕಟ್ಟಿದ್ದು, ಕುರ್ಚಿ ಹಾಕಿದ್ದು ನೋಡಿ ಜನ, "ಎಷ್ಟಾದ್ರೂ ದೊಡ್ಡ ಮನುಷ್ಯರು ನೋಡ್ರಿ" ಎಂದು ತಲೆದೂಗಿದರು. ಭಟ್ಟರ ಮನಸ್ಸಿನಲ್ಲಿದ್ದ ಕಾರಣ ಅಷ್ಟು ಚೆಂದದ್ದಾಗಿರಲಿಲ್ಲ. ಪೆಟ್ಟಿಗೆಯ ಹಿಂದೆ ಒಂದು ನಾಬ್ ಇತ್ತು. ನಿನ್ನೆ ಮಧ್ಯಾಹ್ನ ಅದನ್ನು ಕದ್ದು ತಿರುಗಿಸಿದವರು ಅವರು. ಸಂಜೆ ಪರಮಶಿವಪ್ಪ ತೀರಿಕೊಂಡರು. ದಾವಣಗೆರೆಯಿಂದ ಮಗಳು ನಾಗಶ್ರೀ ಬಂದು ನೋಡುವುದರೊಳಗೆ ನಾಬನ್ನು ಮೊದಲಿದ್ದ ಜಾಗಕ್ಕೆ ತಿರುಗಿಸಿ ಇಡಬೇಕಿತ್ತು.

ಮೊದಲು ಎಲ್ಲಿತ್ತು ಎನ್ನುವುದೇ ಈಗ ಪ್ರಶ್ನೆ. ಒಂದು ತುದಿಯಲ್ಲಿ ನಲವತ್ತು, ಇನ್ನೊಂದು ತುದಿಯಲ್ಲಿ ನೂರೈವತ್ತು ಎಂದು ಬರೆದಿತ್ತು. ನಡುವೆ ಒಂದು ಗೆರೆಯೂ ಇಲ್ಲ. ಹದ್ದಿನ ಬಾಂದುಕಲ್ಲು ಮುಟ್ಟುವ ಮೊದಲು ಅದು ಎಲ್ಲಿತ್ತೆಂದು ಬರೆದುಕೊಳ್ಳಿರೋ ಎಂದು ಸೊರಬ ತಾಲೂಕಿನಲ್ಲಿ ಮೂವತ್ತೊಂದು ವರ್ಷ ಕೈಕೆಳಗಿನವರನ್ನು ಬೈದು ನಿವೃತ್ತರಾದ ಸರ್ವೇಯರ್ ತ್ರ್ಯಂಬಕ ಭಟ್ಟರು, ತಾವು ಮುಟ್ಟುವಾಗ ನೋಡಿಕೊಂಡೇ ಇರಲಿಲ್ಲ.

"ಎಂತ ಮಾಡ್ತಿದ್ರಿ ಅಲ್ಲಿ?" ಬಾಗಿಲಲ್ಲಿ ಹೆಂಡತಿ ವೇದಾ ನಿಂತಿದ್ದರು. "ಬನ್ನಿ ಈಚೆ. ದೇಹ ತರ್ತಿದಾರೆ."

ಭಟ್ಟರು ಕೈ ತೆಗೆದರು. 

*

ಪರಮಶಿವಪ್ಪ ಶಿರಾಳಕೊಪ್ಪದಲ್ಲಿ ಮೂವತ್ತೆಂಟು ವರ್ಷ ಹಿಟ್ಟಿನ ಗಿರಣಿ ನಡೆಸಿದವರು. ಕಲ್ಲಿನ ಸದ್ದಿನಲ್ಲೇ ಕಾಳಿನ ಹದ ಹಿಡಿದು, "ಜೋಳ ಹಸಿ ಐತೆ, ಇನ್ನೊಂದು ಬಿಸಿಲು ಹಾಕ್ಕೊಂಡು ಬಾರವ್ವ" ಎಂದು ವಾಪಸು ಕಳಿಸುತ್ತಿದ್ದರು. ಮಂಡಿ ನೋವೆಂದು ಗಿರಣಿಯನ್ನು ತಮ್ಮನ ಮಗ ಸಿದ್ಧಲಿಂಗೇಶನಿಗೆ ಬಿಟ್ಟು ಮನೆಯಲ್ಲಿ ಕೂತ ಮೇಲೆ ಅವರಿಗೆ ವಿಚಿತ್ರ ಕಾಯಿಲೆ ಹತ್ತಿತು. ಮನೆ ಬಿಕೋ ಅನ್ನುತ್ತದೆ, ಎದೆಯೊಳಗಿನ ಗುಂಯ್‌ಗುಡುವ ಸದ್ದು ನಿಂತುಹೋಗಿದೆ ಎಂದು ಹೆಂಡತಿ ಸರ್ವಮಂಗಳಮ್ಮನ ಹತ್ತಿರ ಗೋಳು. ಐಟಿಐಯಲ್ಲಿ ಪಾಠ ಹೇಳುವ ಮಗಳು ನಾಗಶ್ರೀ ಗೋಡೆಗೆ ಎರಡು ಸಣ್ಣ ಸ್ಪೀಕರ್, ನೆಲಕ್ಕೆ ಈ ಕರಿಯ ಸಬ್‌ವೂಫರ್ ಪೆಟ್ಟಿಗೆ ತಂದು ಜೋಡಿಸಿಕೊಟ್ಟಳು. ಅಲ್ಲಿಗೆ ಅಪ್ಪನ ಕಾಯಿಲೆ ವಾಸಿಯಾಗಿ ಪಕ್ಕದ ಮನೆಯ ಭಟ್ಟರಿಗೆ ಶುರುವಾಯಿತು.

ಸುಮ್ಮನೆ ಹಾಡು ಹಾಕಿಕೊಂಡು ಕೇಳಿದ್ದರೆ ಆಗುತ್ತಿತ್ತು. ಆದರೆ ಪರಮಶಿವಪ್ಪನವರಿಗೆ ಹಾಡಿಗಿಂತ ಹದ ಮುಖ್ಯ. ಪೆಟ್ಟಿಗೆಯನ್ನು ತಾವು ಕೂರುವ ಕುರ್ಚಿಯ ಮೇಲಿಟ್ಟು, ತಾವು ಅಂಬೆಗಾಲಲ್ಲಿ ಕೋಣೆಯೆಲ್ಲ ತಿರುಗಿ, ಎಲ್ಲಿ ಸದ್ದು ಸಮನಾಗಿ ಕೇಳುತ್ತದೋ ಅಲ್ಲಿ ಪೆಟ್ಟಿಗೆ ಇಡಬೇಕು ಎಂದು ಮಗಳು ಫೋನಿನಲ್ಲಿ ಹೇಳಿದ್ದಳು. ಅರವತ್ತೇಳರ ಮನುಷ್ಯ ಮಂಡಿಗೆ ಟವೆಲ್ ಸುತ್ತಿಕೊಂಡು ಅದನ್ನೂ ಮಾಡಿದರು.

ಆಮೇಲೆ ಕ್ರಾಸ್‌ಓವರ್. ಆಗಿನ್ನೂ ಇಬ್ಬರ ನಡುವೆ ಮಾತಿತ್ತು. ಭಟ್ಟರನ್ನು ಕರೆದು ಕೂರಿಸಿಕೊಂಡು ಬಿಡಿಸಿ ಹೇಳಿದ್ದರು.

"ಇದು ಜರಡಿ ಇದ್ದಂಗೆ ಭಟ್ರೇ. ದಪ್ಪ ದನಿ ಈ ದೊಡ್ಡ ಪೆಟ್ಟಿಗೆಗೆ, ಸಣ್ಣ ದನಿ ಗೋಡೆ ಮ್ಯಾಲಿನ ಎರಡಕ್ಕೆ. ಎಲ್ಲಿ ಸೋಸಬೇಕು ಅನ್ನೋದು ಹಿಂದಿನ ಈ ನಾಬು. ಭಾಳ ಕೆಳಗಿಟ್ರೆ ನಡುವಿನ ದನಿ ಯಾರಿಗೂ ಸೇರ್ದೆ ಹಾಡು ಟೊಳ್ಳಾಗ್ತೈತೆ. ಭಾಳ ಮ್ಯಾಲಿಟ್ರೆ ಹಾಡೋನ ದನಿ ಮೂಲೆಗೆ ಹೋಗಿ ಗೊಗ್ಗರಾಗ್ತೈತೆ."

ಭಟ್ಟರು ತಲೆಯಾಡಿಸಿದರು. ಅವರ ಕಿವಿಗೆ ಬಿದ್ದದ್ದು ಒಂದೇ: ಹಿಂದೆ ಒಂದು ನಾಬ್ ಇದೆ, ಸದ್ದು ಕಡಿಮೆ ಮಾಡುವುದು ಅದೇ ಇರಬೇಕು.

ದಿನಾ ಸಂಜೆ ವೇದಾಳ ಅಡುಗೆಮನೆಯ ಸ್ಟೀಲ್ ಡಬ್ಬಿಗಳು ಝುಂಯ್ ಎನ್ನತೊಡಗಿದವು. ಒಂದು ದಿನ ಕಾಂಪೌಂಡಿನಲ್ಲಿ ಜೋರು ಮಾತಾಯಿತು. "ಸರ್ವೆ ಮಾಡಿ ನೋಡ್ರಿ, ನಮ್ಮ ಸದ್ದು ನಿಮ್ಮ ಹದ್ದಿನೊಳಗೆ ಎಷ್ಟು ಗುಂಟೆ ಬಂದೈತೆ ಅಂತ" ಎಂದರು ಪರಮಶಿವಪ್ಪ. ಬೀದಿಯೆಲ್ಲ ನಕ್ಕಿತು. ಭಟ್ಟರು ಅಂದೇ ಮಾತು ಬಿಟ್ಟರು.

*

ನಾಗಶ್ರೀ ಬಂದಳು. ಗೋಡೆಗೆ ಒರಗಿಸಿ ಕೂರಿಸಿದ್ದ ಅಪ್ಪನ ಕಾಲ ಮೇಲೆ ಬಿದ್ದು ಅತ್ತಳು. ಹಣೆಗೆ ವಿಭೂತಿ, ಕೊರಳಿಗೆ ರುದ್ರಾಕ್ಷಿ, ಅಂಗೈಯಲ್ಲಿ ಲಿಂಗ. ಪರಮಶಿವಪ್ಪ ಯಾರದೋ ಜೋಳದ ಹದ ನೋಡುತ್ತಾ ಕೂತವರ ಹಾಗೆ ಕೂತಿದ್ದರು. ಭಟ್ಟರಿಗೆ ಅತ್ತ ನೋಡುವ ಧೈರ್ಯ ಬರಲಿಲ್ಲ.

ಹನ್ನೊಂದಾಯಿತು. ಭಜನೆಯವರ ಟೆಂಪೊ ಇನ್ನೂ ಸೊರಬ ಬಿಟ್ಟಿಲ್ಲವೆಂದು ಫೋನ್ ಬಂತು.

"ಅಲ್ಲೀತನ ಹಿಂಗೆ ಸುಮ್ನೆ ಕೂರೋದಾ?" ಎಂದ ಸಿದ್ಧಲಿಂಗೇಶ. "ದೊಡ್ಡಪ್ಪನ ಸೆಟ್ಟೇ ಐತಲ್ಲ. ವಚನ ಹಾಕಣ."

ಭಟ್ಟರು ಪೆಟ್ಟಿಗೆಗೆ ಅಡ್ಡ ಬಂದರು. "ಈಗ್ಯಾಕೆ ಅದೆಲ್ಲ? ಭಜನೆಯವರು ಬರಲಿ ಬಿಡಿ" ಎಂದರು.

"ನಿಮಗೆ ಇವತ್ತೂ ತೊಂದ್ರೆನಾ ಅಂಕಲ್?" ಎಂದಳು ನಾಗಶ್ರೀ. ಭಟ್ಟರು ಬದಿಗೆ ಸರಿದರು.

ಅವಳು ಫೋನಿನಿಂದ ಹಾಡು ಹಚ್ಚಿದಳು. ಗಂಡಸಿನ ದನಿಯೊಂದು ಹೊರಟಿತು. ತೆಳ್ಳಗೆ, ಟೊಳ್ಳಾಗಿ, ಡಬ್ಬಿಯೊಳಗಿನಿಂದ ಬಂದ ಹಾಗೆ. ಅರ್ಧ ನಿಮಿಷವೂ ಆಗಿರಲಿಲ್ಲ, ನಾಗಶ್ರೀ ಎದ್ದು ಪೆಟ್ಟಿಗೆಯ ಹಿಂದೆ ಬಗ್ಗಿ ನೋಡಿ, ಹಾಡು ನಿಲ್ಲಿಸಿದಳು.

"ಯಾರು ಇದನ್ನ ಮುಟ್ಟಿದ್ದು? ಪೂರ್ತಿ ಕೆಳಗೈತೆ."

 ಭಟ್ಟರು ಬಾಗಿಲ ಕಡೆ ನೋಡಿದರು.

"ನಾನೇ" ಎಂದರು ಸರ್ವಮಂಗಳಮ್ಮ, ಗಂಡನ ಪಕ್ಕ ಕೂತಲ್ಲಿಂದಲೇ. "ನಿನ್ನೆ ನೆಲ ಒರೆಸುವಾಗ ಕೈ ತಾಗಿರಬೇಕು."

"ಕೈ ತಾಗಿದ್ರೆ ಇಷ್ಟು ತಿರುಗಲ್ಲವ್ವ." ನಾಗಶ್ರೀ ಅವ್ವನ ಕಡೆ ತಿರುಗಿದಳು. "ಎಂಟು ದಿನ ಕೂತು ತೊಂಬತ್ತಕ್ಕೆ ಹದ ಮಾಡಿದ್ರು. ದಿನಾ ಫೋನ್ ಮಾಡಿ ಹೇಳೋರು. ಅಪ್ಪ ಕೊನೆಗೆ ಕೇಳಿದ್ದು ಈ ಟೊಳ್ಳು ಸದ್ದನ್ನಾ? ನಿನಗೆ ಮೊದ್ಲಿಂದ್ಲೂ ಆ ಪೆಟ್ಟಿಗೆ ಕಂಡ್ರೆ ಆಗ್ತಿರಲಿಲ್ಲ."

ಕೂತ ಹೆಂಗಸರೆಲ್ಲ ಸರ್ವಮಂಗಳಮ್ಮನನ್ನು ನೋಡಿದರು. ಆಕೆ ತಲೆ ತಗ್ಗಿಸಿದರು. ತಗ್ಗಿಸುವ ಮುಂಚೆ ಒಂದು ಕ್ಷಣ, ಒಂದೇ ಕ್ಷಣ, ಭಟ್ಟರ ಕಡೆ ನೋಡಿದರು.  ಈಕೆಗೆ ಗೊತ್ತಿದೆ ಎಂದು ಭಟ್ಟರಿಗೆ ಹೊಳೆಯಿತು.

*

ನಿನ್ನೆ ಸಂತೆ. ಪರಮಶಿವಪ್ಪ ಚೀಲ ಹಿಡಿದು ಹೋದದ್ದನ್ನು ನೋಡಿಕೊಂಡೇ ಭಟ್ಟರು ಇಲ್ಲಿಗೆ ಬಂದಿದ್ದರು. ಸರ್ವಮಂಗಳಮ್ಮನ ಜೊತೆ ಅವರಿಗೆ ಜಗಳವಿರಲಿಲ್ಲ. "ವೇದಾಗೆ ತಲೆನೋವು ಮಾರಾಯ್ರೆ, ಸ್ವಲ್ಪ ಅವರಿಗೆ ಹೇಳಿ" ಎಂದರು. "ಹೇಳ್ತೀನಿ, ಕೂತಿರ್ರಿ, ಚಾ ಮಾಡ್ತೀನಿ" ಎಂದು ಆಕೆ ಒಳಗೆ ಹೋದರು. ಭಟ್ಟರು ಎದ್ದು ಪೆಟ್ಟಿಗೆಯ ಹಿಂದೆ ಕೈ ಹಾಕಿ, ಸಿಕ್ಕಿದ ನಾಬನ್ನು ಕೊನೆಮುಟ್ಟ ತಿರುಗಿಸಿ, ಬಂದು ಕೂತು ಚಾ ಕುಡಿದರು. ಚಾ ಚೆನ್ನಾಗಿಯೇ ಇತ್ತು.

ನಾಲ್ಕೂವರೆಗೆ ಆಚೆ ಹಾಡು ಶುರುವಾಯಿತು. ಡಬ್ಬಿಗಳು ಉಸಿರೆತ್ತಲಿಲ್ಲ. ಭಟ್ಟರು ವೇದಾಳ ಕಡೆ ನೋಡಿ ಗೆದ್ದವರ ಹಾಗೆ ನಕ್ಕರು. ಸ್ವಲ್ಪ ಹೊತ್ತಿಗೆ ಆ ಹಾಡಿನ ಮೇಲೆಯೇ ಸರ್ವಮಂಗಳಮ್ಮನ ಚೀರಾಟ ಕೇಳಿತು. ಡಾಕ್ಟರು ಹಾರ್ಟ್ ಅಟ್ಯಾಕ್ ಎಂದರು. ಆ ಮನುಷ್ಯ ಟೊಳ್ಳು ಸದ್ದು ಕೇಳಿ ಸಿಟ್ಟಿಗೆ ಎದ್ದಿರಬೇಕು, ಆ ಸಿಟ್ಟಿಗೇ ಎದೆ ನಿಂತಿರಬೇಕು ಎಂದು ಭಟ್ಟರಿಗೆ ಅನ್ನಿಸಿತು. ಹಾಗಾದರೆ ಕೊಂದವರು ಯಾರು ಎಂಬ ಪ್ರಶ್ನೆ ಆಗಿನಿಂದ ಅವರನ್ನು ಕೂರಲೂ ಬಿಟ್ಟಿರಲಿಲ್ಲ.

*

ಸುಮ್ಮನಿದ್ದಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಒಂದು ಗಳಿಗೆ ಭಟ್ಟರಿಗೆ ಹಾಗೂ ಅನ್ನಿಸಿತು. ಆದರೆ ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡ ಹೆಂಗಸು ತಾವು ಮಾಡಿದ ತಪ್ಪನ್ನು ಹೊತ್ತು ಮಗಳಿಂದ ಬೈಸಿಕೊಳ್ಳುವುದನ್ನು ನೋಡಲಾಗಲಿಲ್ಲ.

"ಅವರಲ್ಲಮ್ಮ" ಎಂದರು. "ನಾನು. ಅಪ್ಪ ಇಲ್ಲದ ಹೊತ್ತು ನೋಡಿ ತಿರುಗಿಸಿದೆ. ಅವರು ಹೋಗಿದ್ದು ನನ್ನಿಂದ."

ವೇದಾ "ಅಯ್ಯೋ ದೇವರೇ" ಎಂದರು. ಸಿದ್ಧಲಿಂಗೇಶ ಎದ್ದು ನಿಂತ. ಸರ್ವಮಂಗಳಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು.

"ಕೂರೋ ನೀನು. ಭಟ್ರೇ, ಚಾ ತರುವಾಗ ನಾನು ನೋಡ್ದೆ. ಇವರಿಗೂ ಎರಡೇ ನಿಮಿಷಕ್ಕೆ ಗೊತ್ತಾತು. 'ಯಾರು ಬಂದಿದ್ರು' ಅಂದ್ರು. ಹೇಳ್ದೆ. ಆದ್ರೂ ನಾಬು ಮುಟ್ಟಲಿಲ್ಲ ಇವರು. ಹಂಗೇ ಇನ್ನೊಂದು ಹಾಡು ಕೇಳಿದ್ರು. ಆಮ್ಯಾಲೆ ಎದ್ದು ಅಂಗಿ ತಗೊಂಡ್ರು. 'ಎಲ್ಲಿಗೆ' ಅಂದೆ. 'ಭಟ್ರ ಮನೆಗೆ' ಅಂದ್ರು. ಒಂದು ತೋಳು ಹಾಕಿದ್ರು. ಇನ್ನೊಂದು ಹಾಕಲಿಲ್ಲ."

"ಜಗಳಕ್ಕೆ ಬರ್ತಿದ್ರಾ?" ಎಂದು ಕೇಳಿದರು ಭಟ್ಟರು.

"ನನಗೇನು ಗೊತ್ತು? ಜಗಳಕ್ಕಾದ್ರೆ ಬನೀನಲ್ಲೇ ಬರ್ತಿದ್ರಲ್ಲ. ಅಂಗಿ ಯಾಕೆ ಹಾಕ್ಕಂಡ್ರು?"

ಭಟ್ಟರು ಎಲ್ಲರೆದುರು ಅತ್ತರು. ಮೂರು ವರ್ಷದಲ್ಲಿ ಒಂದು ದಿನವಾದರೂ ತಾವೇ ಅಂಗಿ ಹಾಕಿಕೊಂಡು ಬರಬಹುದಿತ್ತು.

ನಾಗಶ್ರೀಯ ಮುಖ ಸಡಿಲಾಗಲಿಲ್ಲ. ಅವಳು ಅಪ್ಪನ ಕುರ್ಚಿಯಲ್ಲಿ ಕೂತು ಹೇಳಿದಳು, "ತಿರುಗಿಸಿದೋರು ನೀವು. ನೀವೇ ವಾಪಸ್ ಇಡಿ."

"ಎಲ್ಲಿಗೆ ಇಡ್ಲಿ? ಗುರುತೇ ಇಲ್ಲವಲ್ಲಮ್ಮ."

"ಗುರುತು ಇದ್ರೂ ಉಪಯೋಗ ಇಲ್ಲ. ಪೆಟ್ಟಿಗೆ ಜಾಗ ಬಿಟ್ಟೈತೆ. ಕೇಳ್ಕೊಂಡೇ ಇಡಬೇಕು."

ಭಟ್ಟರು ಪೆಟ್ಟಿಗೆಯ ಹಿಂದೆ ಮಂಡಿಯೂರಿದರು. ಹಾಡು ಮತ್ತೆ ಶುರುವಾಯಿತು. ಕೂದಲೆಳೆಯಷ್ಟು ತಿರುಗಿಸಿ ಅವಳ ಮುಖ ನೋಡಿದರು.

"ಇನ್ನೂ" ಎಂದಳು ಅವಳು. "ಇನ್ನೂ. ಹೆಚ್ಚಾತು, ಹಿಂದೆ. ನನ್ನ ನೋಡಬೇಡಿ ಅಂಕಲ್. ನೀವು ಕೇಳಿ."

ಭಟ್ಟರು ಕಣ್ಣು ಮುಚ್ಚಿದರು. ಗೋಡೆಯ ಈಚೆ ಕೂತು ಆ ಹಾಡನ್ನು ಅವರು ಹೀಗೆ ಕೇಳಿದ್ದು ಅದೇ ಮೊದಲು. ಮೂಲೆಯಲ್ಲಿ ಗೊಣಗುತ್ತಿದ್ದ ದನಿ ಮೆಲ್ಲಗೆ ಮೂಲೆ ಬಿಟ್ಟಿತು. ಟೊಳ್ಳು ತುಂಬಿತು. ಒಮ್ಮೆಲೇ ಹಾಡು ಪೆಟ್ಟಿಗೆಯದೂ ಅಲ್ಲ, ಗೋಡೆಯ ಮೇಲಿನ ಸ್ಪೀಕರಿನದೂ ಅಲ್ಲ ಎನ್ನುವಂತೆ, ಎರಡರ ನಡುವೆ ಹಾರ ಹಾಕಿಕೊಂಡು ಕೂತ ಪರಮಶಿವಪ್ಪನವರ ಎದೆಯ ಮಟ್ಟದಿಂದ ಎದ್ದು ಬಂತು. ಸರ್ವಮಂಗಳಮ್ಮ ಚಕ್ಕನೆ ಗಂಡನತ್ತ ತಿರುಗಿದರು.

"ಅಷ್ಟೇ" ಎಂದಳು ನಾಗಶ್ರೀ. ಅವಳಿಗೆ ಅಳು ಬಂದಿತ್ತು. "ಬಿಡಿ ಅಂಕಲ್. ಅಷ್ಟೇ."

ಭಜನೆಯವರು ಬಂದರು, ಹಾಡಿದರು. ಬಾಗಿಲಲ್ಲಿ ದೇಹ ಹೊರಲು ಹೂವಿನ ವಿಮಾನ ಸಿದ್ಧವಾಯಿತು. ಅಯ್ಯನವರು ಹೊತ್ತಾಯಿತೆಂದರು. ಇಡೀ ಪಡಸಾಲೆ ಒಮ್ಮೆಲೇ ಎದ್ದು ನಿಂತಿತು. ದೇಹ ಎತ್ತಲು ಹತ್ತಾರು ಜನ ನುಗ್ಗಿದರು, ಹೆಂಗಸರು ಬಾಯಿ ಬಡಿದುಕೊಂಡು ಅತ್ತರು.

"ಭಟ್ರೇ, ಏಳ್ರಿ, ನೀವೂ ಹೆಗಲು ಕೊಡ್ರಿ" ಎಂದ ಸಿದ್ಧಲಿಂಗೇಶ.

"ನೀವು ನಡೀರಿ, ಬಂದೆ" ಎಂದರು ಭಟ್ಟರು.

ಏಳಲಿಲ್ಲ. ಪೆಟ್ಟಿಗೆಯ ಹಿಂದೆ, ಗೋಡೆಗೆ ಬೆನ್ನು ಒತ್ತಿ ಮಂಡಿಯೂರಿ, ನುಗ್ಗುವ ಕಾಲುಗಳಲ್ಲಿ ಒಂದೂ ನಾಬಿಗೆ ತಗುಲದ ಹಾಗೆ, ತಮ್ಮ ಕೈಯೂ ತಗುಲದ ಹಾಗೆ, ಅದರ ಸುತ್ತ ಎರಡೂ ಅಂಗೈ ಅಡ್ಡ ಹಿಡಿದು ಕೂತೇ ಇದ್ದರು.