ಎದ್ದು ಹೋದವರ ಲೆಕ್ಕ

ಹೊಸ ಪೈಸೆ ಬಂದ ವರ್ಷದ ಹೊತ್ತಿಗೆ ಹ್ಯಾಂಡ್‌ಪೋಸ್ಟ್ ಎಂಬ ಕೂಡುರಸ್ತೆಯ ಬಸ್ ಏಜೆಂಟ್ ಬೆಟ್ಟಸ್ವಾಮಿ ಎರಡು ಕೆಲಸಕ್ಕೆ ಹೆಸರಾಗಿದ್ದ. ಒಂದು, ಬಸ್ಸು ಬರುವುದಿಲ್ಲ ಎನ್ನುವುದನ್ನು ಜನ ಬೈಯದ ಹಾಗೆ ಹೇಳುವುದು. ಇನ್ನೊಂದು, ಮೈಸೂರಿನ ಮಾಸಪತ್ರಿಕೆಯೊಂದಕ್ಕೆ ಮಾಯಾಮಂತ್ರದ ಧಾರಾವಾಹಿ ಬರೆಯುವುದು. ಮಾಂತ್ರಿಕನೊಬ್ಬ ಒಂದು ಪಟ್ಟಣದವರ ನೆರಳನ್ನೆಲ್ಲ ಕದ್ದು ಕಂಬಳಿ ಹೊಲಿಸಿಕೊಂಡಿದ್ದ. ಆ ಕಂಬಳಿಯನ್ನು ಹುಡುಕಿಕೊಂಡು ರಾಜಕುಮಾರನೊಬ್ಬ ಹೊರಟಿದ್ದ. ಹೊರಟು ಒಂಬತ್ತು ತಿಂಗಳಾಗಿತ್ತು.

ಈ ಕಥೆಗೂ ಮೊದಲಿನಿಂದಲೇ ಪತ್ರಿಕೆಯವರು ಅವನಿಗೆ ಅರ್ಧ ಪುಟ ಬಿಟ್ಟುಕೊಟ್ಟಿದ್ದರು. ‘ಹೋಗಿ ಬನ್ನಿ’ ಎಂದು ಅದರ ಹೆಸರು. ಕಣ್ಣಿಗೆ ಬಿದ್ದದ್ದನ್ನೆಲ್ಲ ಅವನು ಅಲ್ಲಿ ಬರೆಯುತ್ತಿದ್ದ. ‘ಬಸ್ಸು ತಡವಾದರೆ ಮನುಷ್ಯ ಮೊದಲು ರಸ್ತೆ ನೋಡುತ್ತಾನೆ, ಆಮೇಲೆ ಆಕಾಶ ನೋಡುತ್ತಾನೆ, ಕೊನೆಗೆ ಏಜೆಂಟನನ್ನು ನೋಡುತ್ತಾನೆ.’ ಇಂಥದ್ದು ನಾಲ್ಕು ಸಾಲು ಆದ ಮೇಲೆ ಆ ತಿಂಗಳು ಸುತ್ತಮುತ್ತ ಏನು ನೋಡಬಹುದು ಎನ್ನುವ ಸಲಹೆ. ‘ಕೆ.ಆರ್. ನಗರದಲ್ಲಿ ಬೀಡುಬಿಟ್ಟಿರುವ ನಾಟಕದ ಕಂಪನಿಯ ರಾಜನಿಗೆ ನೆಗಡಿ. ಹದಿನೈದು ದಿನ ಬಿಟ್ಟು ಹೋಗಿ.’ ‘ಹುಣಸೂರಿನ ಟೆಂಟಿನ ಹೊಸ ಚಿತ್ರದಲ್ಲಿ ಯುದ್ಧ ಬಂದಾಗ ಹನ್ನೊಂದು ಜನ ಎದ್ದು ಹೋದರು, ಅತ್ತೆ ಬೈಯುವಾಗ ಒಬ್ಬರೂ ಏಳಲಿಲ್ಲ. ಅತ್ತೆಗಾಗಿ ಹೋಗಿ ಬನ್ನಿ.’

ಈ ಆಟಗಳಲ್ಲಿ ಒಂದನ್ನೂ ಬೆಟ್ಟಸ್ವಾಮಿ ಕಣ್ಣಾರೆ ನೋಡಿದ್ದಿಲ್ಲ. ಆಟ ಶುರುವಾಗುವ ಹೊತ್ತಿಗೆ ಅವನಿಗೆ ಕಡೇ ಬಸ್ಸು ಕಳಿಸುವ ಕೆಲಸವಿರುತ್ತಿತ್ತು. ಹಾಗಾಗಿ ಅವನದೇ ಒಂದು ಉಪಾಯವಿತ್ತು. ಮಾರನೆಯ ದಿನ ಹುಣಸೂರಿನಿಂದಲೋ ಪಿರಿಯಾಪಟ್ಟಣದಿಂದಲೋ ಇಳಿದವರನ್ನು ಹಿಡಿದು ಚೆನ್ನಾಗಿತ್ತಾ ಎಂದು ಕೇಳುತ್ತಿರಲಿಲ್ಲ. ಚೆನ್ನಾಗಿತ್ತಾ ಎಂದರೆ ಎಲ್ಲರೂ ಚೆನ್ನಾಗಿತ್ತು ಎನ್ನುತ್ತಾರೆ. ದುಡ್ಡು ಕೊಟ್ಟು ಹೋದವನು ಇನ್ನೇನು ಹೇಳಿಯಾನು? ಬೆಟ್ಟಸ್ವಾಮಿ ಕೇಳುತ್ತಿದ್ದದ್ದು ಒಂದೇ ಮಾತು: “ಬೀಡಿ ಸೇದಕ್ಕೆ ಯಾವಾಗ ಎದ್ರಿ?” ಇದಕ್ಕೆ ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಎಲ್ಲಿ ಜಾಸ್ತಿ ಜನ ಎದ್ದರೋ ಅದು ಜೊಳ್ಳು, ಎಲ್ಲಿ ಏಳಲಿಲ್ಲವೋ ಅದು ಗಟ್ಟಿ. ಮೂರು ವರ್ಷದಲ್ಲಿ ಈ ಲೆಕ್ಕ ಒಮ್ಮೆಯೂ ತಪ್ಪಿರಲಿಲ್ಲ. ಅಥವಾ ತಪ್ಪಿತೆಂದು ಯಾರೂ ಬಂದು ಹೇಳಿರಲಿಲ್ಲ.

ತನ್ನ ಕಥೆಗೂ ಅವನು ಅದೇ ಅಳತೆಗೋಲು ಹಿಡಿದ.

ಪತ್ರಿಕೆ ಬಂದ ವಾರದ ಸಂತೆಯ ದಿನ ಚಿಕ್ಕಬಸಪ್ಪನ ಹೋಟೆಲಿನಲ್ಲಿ ಅದರ ಓದು ನಡೆಯುತ್ತಿತ್ತು. ಓದುವವನು ಹೋಟೆಲಿನ ಜಗುಲಿಯಲ್ಲಿ ಮಿಷಿನ್ನು ಇಟ್ಟುಕೊಂಡಿದ್ದ ಟೈಲರ್ ನಿಂಗರಾಜು. ಬಸ್ಸಿನ ಹಾರನ್ನಿನ ಕಾಟ ತಾಳಲಾರದೆ ಎಲ್ಲರೂ ಹಿಂದಿನ ಕೋಣೆಯಲ್ಲಿ ಕೂರುತ್ತಿದ್ದರು. ಬೆಟ್ಟಸ್ವಾಮಿ ಬಾಗಿಲ ಪಕ್ಕ ನಿಂತು, ಖಾಲಿಯಾದ ಟಿಕೆಟ್ ಪುಸ್ತಕದ ರಟ್ಟಿನ ಮೇಲೆ ಎದ್ದು ಹೋದವರಿಗೆ ಒಂದೊಂದು ಗೀಟು ಹಾಕುತ್ತಿದ್ದ.

ಮೂರನೆಯ ಕಂತಿನಲ್ಲಿ ಒಂದು ಪುಟ ಸಾಲದೆ ಬಂದಾಗ ಅವನು ಒಬ್ಬ ಮುದುಕಿಯನ್ನು ತಂದು ತುಂಬಿಸಿದ್ದ. ನೆರಳು ಮಾರುವ ಮುದುಕಿ. ಸಂತೆಯ ಮೂಲೆಯಲ್ಲಿ ಕೂತು ನೆರಳನ್ನು ಸೇರು ಪಾವಿನಲ್ಲಿ ಅಳೆದು ಕೊಡುವವಳು. ಕೊಳ್ಳಲು ಬಂದವನು ರಾಜನೇ ಆಗಲಿ, ಮೊದಲು ಒಂದು ಪ್ರಶ್ನೆ ಹಾಕುತ್ತಿದ್ದಳು: “ಹಳೇದನ್ನ ಏನು ಮಾಡ್ಕೊಂಡೆ?”

ಆ ಮುದುಕಿಯ ಮಾತು ಮುಗಿಯುವುದೇ ತಡ, ಮಂಟಯ್ಯ ಎದ್ದು ಹೊರಟ. ಮಂಟಯ್ಯ ಕಾಕನಕೋಟೆಯ ಬಿದಿರು ಸಾಗಿಸುವ ಗಾಡಿಯವನು, ಅರವತ್ತರ ಹತ್ತಿರದವನು, ಓದು ತಪ್ಪಿಸದವನು. ಹೋದವನು ಬಹಳ ಹೊತ್ತು ಬರಲಿಲ್ಲ. ನಾಲ್ಕನೆಯ ಕಂತಿನಲ್ಲೂ ಮುದುಕಿ ಬಂದಳು, ಮಂಟಯ್ಯ ಎದ್ದ. ಐದರಲ್ಲೂ ಹಾಗೇ. ಮೂರು ತಿಂಗಳು, ಒಂದೇ ಜಾಗದಲ್ಲಿ, ಮೂರು ಗೀಟು. ಬೆಟ್ಟಸ್ವಾಮಿ ಹೆಚ್ಚು ಯೋಚಿಸಲಿಲ್ಲ. ಆರನೆಯ ಕಂತಿನಲ್ಲಿ ಮುದುಕಿಯನ್ನು ದೋಣಿಗೆ ಹತ್ತಿಸಿ, ದೋಣಿಯನ್ನು ಮಡುವಿನಲ್ಲಿ ಮುಳುಗಿಸಿಬಿಟ್ಟ. ಏಳು, ಎಂಟರಲ್ಲಿ ರಾಜಕುಮಾರ ಬರೀ ಯುದ್ಧ ಮಾಡಿದ. ಒಬ್ಬರೂ ಏಳಲಿಲ್ಲ. ರಟ್ಟಿನ ಮೇಲೆ ಗೀಟಿಲ್ಲ.

ಒಂಬತ್ತನೆಯ ಕಂತು ಅಚ್ಚಾಗಿ ಬಂದ ಕಟ್ಟಿನ ಜೊತೆಯಲ್ಲೇ ಸಂಪಾದಕರ ಕಾರ್ಡು ಬಂತು. ‘ಮೂರು ತಿಂಗಳಿಂದ ನಿಮ್ಮ ಕಥೆಗೆ ಓದುಗರ ಒಂದು ಕಾಗದವೂ ಇಲ್ಲ. ಮುಂದಿನ ಕಂತಿನಲ್ಲಿ ಮುಗಿಸಿ. ಸೋಮವಾರದೊಳಗೆ ಕೈಸೇರಲಿ. ಅರ್ಧ ಪುಟದ ವಿಚಾರ ಆಮೇಲೆ ನೋಡೋಣ.’

ಆಮೇಲೆ ನೋಡೋಣ ಎಂದರೆ ಏನೆಂದು ಬಸ್ ಏಜೆಂಟನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ದಿನಕ್ಕೆ ಹತ್ತು ಸಲ ಅವನೇ ಆ ಮಾತು ಆಡುತ್ತಿದ್ದ. ಈ ಕೂಡುರಸ್ತೆಯಲ್ಲಿ ಎಲ್ಲರೂ ಎಲ್ಲಿಗಾದರೂ ಹೋಗುತ್ತಿದ್ದರು, ಅವನೊಬ್ಬ ಇದ್ದಲ್ಲೇ ಇದ್ದ. ಅವನದೆಂದು ಊರು ದಾಟುತ್ತಿದ್ದದ್ದು ಆ ಕಥೆ ಮತ್ತು ಆ ಅರ್ಧ ಪುಟ. ಅದೂ ನಿಂತರೆ ಉಳಿಯುವುದು ಟಿಕೆಟ್ ಪುಸ್ತಕ.

ಆದರೂ ದುಃಖಕ್ಕಿಂತ ಅವನಿಗೆ ಸೋಜಿಗವೇ ಹೆಚ್ಚಾಯಿತು. ಒಬ್ಬರೂ ಎದ್ದಿಲ್ಲ, ಒಂದು ಕಾಗದವೂ ಇಲ್ಲ. ಎರಡೂ ನಿಜವಾಗುವುದು ಹೇಗೆ?

ಶುಕ್ರವಾರ ಸಂತೆ. ನಿಂಗರಾಜು ಒಂಬತ್ತನೆಯ ಕಂತು ಓದತೊಡಗಿದ. ಬೆಟ್ಟಸ್ವಾಮಿ ಅಂದು ಮೊದಲ ಸಲ ಜನರ ಕಾಲು ನೋಡುವುದು ಬಿಟ್ಟು ಮುಖ ನೋಡಿದ. ಗೋಡೆಗೆ ಒರಗಿದ್ದ ಚೆಲುವಯ್ಯನ ಗಲ್ಲ ಎದೆಗೆ ತಾಗಿತ್ತು. ಅವನ ಪಕ್ಕದವನು ಕಾಫಿ ಲೋಟದ ತಳದ ಸಕ್ಕರೆಯನ್ನು ಬೆರಳಲ್ಲಿ ಕೆರೆಯುತ್ತಿದ್ದ. ಇನ್ನೊಬ್ಬ ತೊಲೆ ಎಣಿಸುತ್ತಿದ್ದ. ರಾಜಕುಮಾರ ರಾಕ್ಷಸನ ಏಳನೆಯ ತಲೆ ಕತ್ತರಿಸಿದಾಗ ಯಾರೋ ಆಕಳಿಸಿದರು, ಅದು ಕೋಣೆಯನ್ನೆಲ್ಲ ಒಂದು ಸುತ್ತು ಹಾಕಿ ಓದುತ್ತಿದ್ದ ನಿಂಗರಾಜುವಿಗೇ ಬಂದು ತಲುಪಿತು. ಜನ ಏಳದೆ ಕೂತಿದ್ದರು, ನಿಜ. ಹೊರಗೆ ಬಿಸಿಲಿತ್ತು, ಒಳಗೆ ತಣ್ಣಗಿತ್ತು.

ಮಂಟಯ್ಯ ಮಾತ್ರ ಕುತ್ತಿಗೆ ಚಾಚಿ ಕೂತಿದ್ದ, ಬಸ್ಸು ಕಾಯುವವರ ಹಾಗೆ. ಓದು ಮುಗಿಯಿತು. ಅವನ ಮುಖ ಇಳಿಯಿತು.

“ಅಷ್ಟೇಯಾ ನಿಂಗರಾಜಪ್ಪ?” ಎಂದ.

“ಇನ್ನೇನ್ಲಾ ಬೇಕು ನಿಂಗೆ? ಏಳ್ ತಲೆ ಕಡ್ದವ್ನೆ. ಒಂದ್ ಮನೆಗ್ ತಗೊಂಡೋಗು.”

ಎಲ್ಲರೂ ನಕ್ಕರು. ಮಂಟಯ್ಯ ಟವೆಲು ಕೊಡವಿಕೊಂಡು ಎದ್ದ. ಬೆಟ್ಟಸ್ವಾಮಿ ಬಾಗಿಲಲ್ಲಿ ಅವನನ್ನು ತಡೆದ.

“ಮಂಟಯ್ಯ, ಒಂದು ಮಾತು. ಮೊದ್ಲು ಮೂರು ತಿಂಗ್ಳು ನಡುಮಧ್ಯ ಎದ್ದು ಹೋಗ್ತಿದ್ದೆಯಲ್ಲ, ಯಾಕೆ?”

ಮಂಟಯ್ಯನ ಕಣ್ಣು ಅತ್ತಿತ್ತ ಹೊರಳಿತು. “ಅದಾ ಸ್ವಾಮಿ? ಬೀಡಿ ಸೇದಕ್ಕೆ.”

ಹೇಳಿ ಬಿರಬಿರನೆ ಹೊರಟೇಹೋದ. ಬೆಟ್ಟಸ್ವಾಮಿ ಅವನ ಬೆನ್ನು ನೋಡುತ್ತ ನಿಂತ. ಮಂಟಯ್ಯನ ಕೆನ್ನೆ ಉಬ್ಬಿಕೊಂಡಿತ್ತು. ಅದು ಯಾವಾಗಲೂ ಉಬ್ಬಿಕೊಂಡೇ ಇರುತ್ತಿತ್ತು, ಹೊಗೆಸೊಪ್ಪು ಒತ್ತರಿಸಿ. ಹ್ಯಾಂಡ್‌ಪೋಸ್ಟಿನಲ್ಲಿ ಮಂಟಯ್ಯ ಬೀಡಿ ಹಚ್ಚಿದ್ದನ್ನು ಕಂಡವರು ಒಬ್ಬರೂ ಇರಲಿಲ್ಲ.

ಹುಣಸೂರು ಬಸ್ಸಿಗೆ ಇನ್ನೂ ಕಾಲು ಗಂಟೆಯಿತ್ತು. ಬೆಟ್ಟಸ್ವಾಮಿ ಹಿಂದೆಯೇ ನಡೆದ.

ಹೋಟೆಲಿನ ಪಕ್ಕದ ಹುಣಿಸೆಮರದ ಬುಡದಲ್ಲಿ ಗಾಡಿಗಳು ನಿಂತಿದ್ದವು. ಮಂಟಯ್ಯನ ಗಾಡಿಯ ನೊಗದ ಹತ್ತಿರ ಅವನ ಹೆಂಡತಿ ಪುಟ್ಟಮಲ್ಲಮ್ಮ ಸಂತೆಯ ಚೀಲಕ್ಕೆ ಒರಗಿ ಕೂತಿದ್ದಳು. ಹೆಂಗಸರು ಹೋಟೆಲಿನೊಳಗೆ ಕಾಲಿಡುವ ರೂಢಿ ಇರಲಿಲ್ಲ. ಬೇಕಾದವರಿಗೆ ಗಂಡಂದಿರು ಲೋಟದಲ್ಲಿ ಕಾಫಿ ತಂದುಕೊಡುತ್ತಿದ್ದರು, ಲೋಟ ವಾಪಸ್ಸು ಒಯ್ಯುತ್ತಿದ್ದರು. ಇದನ್ನು ಬೆಟ್ಟಸ್ವಾಮಿ ದಿನಾ ನೋಡುತ್ತಿದ್ದ. ನೋಡುತ್ತಿದ್ದನೆಂದೇ ಅದು ಅವನ ಕಣ್ಣಿಗೆ ಬಿದ್ದಿರಲಿಲ್ಲ.

“ಬಂದ್ಲಾ ಅವ್ಳು?” ಪುಟ್ಟಮಲ್ಲಮ್ಮ ದೂರದಿಂದಲೇ ಕೇಳಿದಳು.

“ಇಲ್ಲ ಬುಡು.”

“ಈ ತಿಂಗ್ಳೂ ಇಲ್ವಾ? ನೀನು ನೆಟ್ಗೆ ಕೇಳಿಸ್ಕೊಂಡ್ಯಾ, ಇಲ್ಲ ತೂಕಡಿಸ್ದ್ಯಾ?”

“ಕೇಳಿಸ್ಕೊಂಡೆ ಕಣಮ್ಮಿ. ಬರೀ ತಲೆ ಕಡ್ಯೋದು. ಕುರಿ ಸಂತೆ ಆಗದೆ ಅಲ್ಲಿ.”

“ಅಯ್ಯೋ, ಆ ಬರ್ಯೋನ ಕೈ ಸೇದೋಗ! ಚೆಂದಾಗಿದ್ದ ಮುದುಕೀನ ತಕ್ಕೊಂಡೋಗಿ ನೀರ್ಗಾಕ್ದ. ಏನ್ ಅನ್ಯಾಯ ಮಾಡಿದ್ಲು ಅವನ್ಗೆ?”

ಬೆಟ್ಟಸ್ವಾಮಿ ಕೆಮ್ಮಿದ. ಮಂಟಯ್ಯ ತಿರುಗಿ ನೋಡಿ ನಾಲಗೆ ಕಚ್ಚಿಕೊಂಡ. ಬರೆಯುವವನು ಯಾರೆಂದು ಹೆಂಡತಿಗೆ ಅವನು ಹೇಳಿರಲಿಲ್ಲ. ಅವಳೂ ಕೇಳಿರಲಿಲ್ಲ, ಹೇಳುವವನು ಗಂಡ, ಅಷ್ಟು ಸಾಕಾಗಿತ್ತು.

“ಎದ್ದು ಬರ್ತಿದ್ದದ್ದು ಇಲ್ಲಿಗಾ?” ಬೆಟ್ಟಸ್ವಾಮಿ ಕೇಳಿದ.

“ಊಂ ಸ್ವಾಮಿ.” ಮಂಟಯ್ಯ ನೆಲ ನೋಡಿದ. “ಕೊನೇಗಂಟ ಕೂತ್ರೆ ಮುದುಕಿ ಆಡಿದ್ದು ಮರ್ತೋಯ್ತದೆ. ತಪ್ಪೇಳುದ್ರೆ ಇವ್ಳು ಬುಡಾಕಿಲ್ಲ. ಅದ್ಕೇ ಬಿಸಿಬಿಸಿ ಇದ್ದಾಗ್ಲೇ ಬಂದು ಯೋಳ್ಬುಟ್ಟು ಓಗ್ತಿದ್ದೆ. ಎಂಡ್ರಿಗೆ ಕತೆ ಯೋಳಕ್ಕೆ ಎದ್ದೋದ ಅಂದ್ರೆ ಒಳ್ಗಡೆ ನಗಾಕಿಲ್ವಾ?”

ಬೆಟ್ಟಸ್ವಾಮಿ ಕೈಯಲ್ಲಿದ್ದ ರಟ್ಟನ್ನು ನೋಡಿದ. ಮೂರು ಗೀಟು. ಇಡೀ ಒಂಬತ್ತು ತಿಂಗಳಲ್ಲಿ ಅವನ ಕಥೆಗೆ ಈ ಊರಲ್ಲಿ ಸಿಕ್ಕ ಮೆಚ್ಚುಗೆ ಅಷ್ಟೂ ಅಲ್ಲೇ ಇತ್ತು, ಅದನ್ನು ಅವನು ತಿರುಗುಮುರುಗಾಗಿ ಓದಿದ್ದ.

“ಪುಟ್ಟಮಲ್ಲಕ್ಕ,” ಎಂದ, “ಆ ಮುದುಕಿ ಯಾಕೆ ಅಷ್ಟು ಹಿಡಿಸಿದ್ಲು?”

“ಯಾಕೆ ಅಂದ್ರೆ?” ಪುಟ್ಟಮಲ್ಲಮ್ಮ ಸೆರಗು ಸರಿಮಾಡಿಕೊಂಡಳು. “ಕತೇಲಿ ಮಿಕ್ಕೋರೆಲ್ಲ ಬರೀ ಓಡಾಡ್ತಾರೆ ಏಜೆಂಟಪ್ಪ. ಅವ್ಳೊಬ್ಳು ಒಂದ್ಕಡೆ ಕೂತು ವ್ಯಾಪಾರ ಮಾಡ್ತಾಳೆ. ಕೊಳ್ಳಕ್ಕೆ ಬಂದೋನ ಬಾಯಿ ಬುಡಿಸ್ತಾಳೆ. ನಾನು ಸಂತೇಲಿ ಸೊಪ್ಪು ಮಾರೋಳು, ನಂಗ್ ಗೊತ್ತಿಲ್ವಾ?”

“ಈಗ ಸತ್ತೋದ್ಲಲ್ಲ.”

“ಯಾರ್ ಯೋಳಿದ್ದು ನಿಮ್ಗೆ?”

ಬೆಟ್ಟಸ್ವಾಮಿ ಮಂಟಯ್ಯನ ಕಡೆ ತಿರುಗಿದ.

“ಇವ್ಳು ಒಂದ್ ಕಟ್ಕೊಂಡವ್ಳೆ ಸ್ವಾಮಿ,” ಎಂದ ಮಂಟಯ್ಯ. “ನಮ್ಮೂರ್ ಬಾವಿತಾವ ಎಂಗುಸ್ರು ಪ್ರಾಣ ತಿಂದ್ರಂತೆ, ಮುದುಕಿ ಏನಾದ್ಲು, ಮುದುಕಿ ಏನಾದ್ಲು ಅಂತ. ಸತ್ಳು ಅನ್ನಕ್ಕೆ ಇವ್ಳಿಗ್ ಬಾಯಿ ಬರ್ನಿಲ್ಲ. ಅಲ್ಲಿಂದ ತಿಂಗ್ಳಿಗೊಂದು ಇವ್ಳೇ ಯೋಳ್ತಾವ್ಳೆ.”

“ಸುಮ್ಕಿರು! ದೊಡ್ಡೋರ್ ಮುಂದೆ.”

“ಹೇಳಕ್ಕ,” ಎಂದ ಬೆಟ್ಟಸ್ವಾಮಿ. ಎತ್ತುಗಳ ಮುಂದಿನ ಹುಲ್ಲು ಸರಿಸಿ ಕೂತೇಬಿಟ್ಟ. ಹುಣಸೂರಿನ ಬಸ್ಸು ಬಂದು ಹಾರನ್ ಹೊಡೆಯಿತು. ಅವನು ಏಳಲಿಲ್ಲ.

ಪುಟ್ಟಮಲ್ಲಮ್ಮ ಮೊದಲು ನಾಚಿದಳು, ಶುರುಮಾಡಿದ ಮೇಲೆ ನಿಲ್ಲಿಸಲಿಲ್ಲ. ದೋಣಿ ಮುಳುಗಿತು, ನಿಜ. ಆದರೆ ದೋಣಿಯ ನೆರಳು ನೀರಿನ ಮೇಲೇ ಉಳಿದಿತ್ತು. ನೆರಳು ಮುಳುಗುವುದಿಲ್ಲವಲ್ಲ. ಮುದುಕಿ ಅದರ ಮೇಲೆ ಕೂತು ದಡ ಸೇರಿದಳು. ಸೀದಾ ಮಾಂತ್ರಿಕನ ಮನೆಗೆ ಹೋಗಿ ಕಂಬಳಿ ಕೊಳ್ಳುತ್ತೇನೆ ಎಂದಳು. ಮಾಂತ್ರಿಕ ನಕ್ಕ, ನಿನ್ನ ಹತ್ತಿರ ಏನಿದೆ ಎಂದ. ಮುದುಕಿ ಅವನ ಕಾಲಬುಡ ತೋರಿಸಿದಳು. ಊರವರ ನೆರಳನ್ನೆಲ್ಲ ಕದಿಯುವ ಗಡಿಬಿಡಿಯಲ್ಲಿ ಅವನದೇ ನೆರಳು ಕಂಬಳಿಯೊಳಗೆ ಹೊಲಿದುಹೋಗಿತ್ತು, ಅವನು ನೋಡಿಕೊಂಡೇ ಇರಲಿಲ್ಲ. ಈಗ ಅದು ಬೇಕೆಂದರೆ ಕಂಬಳಿ ಬಿಚ್ಚಬೇಕು, ಬಿಚ್ಚಿದರೆ ಊರವರದೂ ಬಿಟ್ಟುಹೋಗುತ್ತದೆ.

“ಆಮೇಲೆ?” ಎಂದ ಬೆಟ್ಟಸ್ವಾಮಿ.

“ಆಮೇಲಿಂದು ಮುಂದಿನ್ ತಿಂಗ್ಳು. ಇನ್ನೂ ಕಟ್ಟಿಲ್ಲ.”

ಬಸ್ಸಿನ ಕಂಡಕ್ಟರು ದೂರದಿಂದ ಬೈಯುತ್ತ ಬಂದ. “ಏನ್ರೀ ಏಜೆಂಟ್ರೇ, ಎತ್ಗೂ ಟಿಕೆಟ್ ಕೊಡ್ತಿದೀರಾ?”

“ಎರಡು ನಿಮಿಷ ಇರಯ್ಯ!” ಬೆಟ್ಟಸ್ವಾಮಿ ಎದ್ದ. “ಪುಟ್ಟಮಲ್ಲಕ್ಕ, ಕೈ ಸೇದೋಗ ಅಂದ್ಯಲ್ಲ, ಆ ಬರ್ಯೋನು ನಾನೇ. ಇದನ್ನ ಬರ್ಕೊಳ್ಲಾ?”

ಪುಟ್ಟಮಲ್ಲಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಬೈದದ್ದಕ್ಕೆ ಪೇಚಾಡಿಕೊಳ್ಳುತ್ತಾಳೆಂದು ಅವನು ಕಾದ. ಅವಳು ಪೇಚಾಡಲಿಲ್ಲ.

“ಬರ್ಕೋ. ಆದ್ರೆ ಓದೋದು ಒಳ್ಗಡೆ ಬ್ಯಾಡ. ಜಗ್ಲಿ ಮ್ಯಾಲೆ ಕೂತು, ಈ ಕಡೀಕ್ ಮುಖ ಮಾಡ್ಕಂಡು ಓದ್ಲಿ. ಇವ್ನು ಯೋಳೋದ್ರಲ್ಲಿ ಅರ್ಧ ಸೋರೋಗಿರ್ತದೆ.”

ಶನಿವಾರ, ಭಾನುವಾರ ಬೆಟ್ಟಸ್ವಾಮಿ ಕೂತು ಬರೆದ. ಕೊನೆಯಲ್ಲಿ ‘ಮುಗಿಯಿತು’ ಎಂದು ಹಾಕಲಿಲ್ಲ. ಅರ್ಧ ಪುಟದಲ್ಲಿ ಸಿನಿಮಾದ ಸುದ್ದಿ ಬಿಟ್ಟು ಇಷ್ಟು ಬರೆದ: ‘ಇಷ್ಟು ದಿನ ಎದ್ದು ಹೋದವರ ಲೆಕ್ಕ ಹಿಡಿದು ನಿಮಗೆ ಸಲಹೆ ಕೊಟ್ಟೆ. ಎದ್ದವರು ಎಲ್ಲಿಗೆ ಹೋದರೆಂದು ಕೇಳಿರಲಿಲ್ಲ. ಯುದ್ಧ ಬಂದಾಗ ಟೆಂಟಿನಿಂದ ಎದ್ದ ಹನ್ನೊಂದು ಜನ ಸಿಕ್ಕರೆ ತಿಳಿಸಿ, ಕೇಳುವುದಿದೆ.’ ಸೋಮವಾರದ ಮೊದಲ ಬಸ್ಸಿಗೆ ಲಕೋಟೆ ಹತ್ತಿಸಿದ.

ಮೂರು ವಾರ ಮೈಸೂರಿನಿಂದ ಒಂದಕ್ಷರವೂ ಬರಲಿಲ್ಲ. ನಾಲ್ಕನೆಯ ವಾರ ಬಸ್ಸಿನ ಮೇಲಿಂದ ಪತ್ರಿಕೆಯ ಕಟ್ಟು ಇಳಿಯಿತು. ಅವನು ಅಲ್ಲೇ ದಾರ ಕಿತ್ತು ಪುಟ ತೆಗೆದ. ಕಥೆ ಇತ್ತು, ಬರೆದ ಹಾಗೇ ಇತ್ತು. ಅರ್ಧ ಪುಟವೂ ಇತ್ತು. ನಡುವೆ ಸಿಕ್ಕಿಸಿದ್ದ ಕಾರ್ಡಿನಲ್ಲಿ ಒಂದೇ ಸಾಲು: ‘ಮುದುಕಿಯನ್ನು ಇನ್ನೊಂದು ಸಲ ಮುಳುಗಿಸಬೇಡಿ.’

ಆ ಶುಕ್ರವಾರ ನಿಂಗರಾಜು ಗೊಣಗುತ್ತಲೇ ಜಗುಲಿಯ ಮೇಲೆ ಹುಣಿಸೆಮರದ ಕಡೆ ಮುಖಮಾಡಿ ಕೂತ. ಗಂಡಸರು ಮೆಟ್ಟಿಲ ಮೇಲೆ, ಹೆಂಗಸರು ಗಾಡಿಗಳ ಮೇಲೆ. ಮಂಟಯ್ಯನ ಊರಿನಿಂದಲೇ ಏಳೆಂಟು ಹೆಂಗಸರು ಬಂದಿದ್ದರು. ಓದು ಶುರುವಾಯಿತು. ಮುದುಕಿ ನೆರಳಿನ ಮೇಲೆ ಕೂತು ದಡ ಸೇರಿದಳು. ಮಾಂತ್ರಿಕನ ಬಾಗಿಲು ತಟ್ಟಿದಳು. ಬೆಟ್ಟಸ್ವಾಮಿ ಇಲ್ಲಿ ತನ್ನದೂ ಒಂದಿರಲಿ ಎಂದು ಸ್ವಲ್ಪ ಸೇರಿಸಿದ್ದ: ಮುದುಕಿ ಮಾಂತ್ರಿಕನ ಕಾಲು ಹಿಡಿದು ಕಣ್ಣೀರಿಟ್ಟು ಬೇಡಿಕೊಳ್ಳುತ್ತಾಳೆ.

“ಅಂಗಲ್ಲ ಕಣಪ್ಪಾ ಅದು!”

ಪುಟ್ಟಮಲ್ಲಮ್ಮ ಗಾಡಿಯ ಮೇಲೆ ಎದ್ದು ನಿಂತಿದ್ದಳು. ಎಲ್ಲರ ತಲೆ ಅತ್ತ ತಿರುಗಿತು. ನಿಂಗರಾಜುವಿನ ಬೆರಳು ಸಾಲಿನ ಮೇಲೆ ನಿಂತುಹೋಯಿತು.

“ಅವ್ಳ್ಯಾಕೆ ಅತ್ತಾಳು? ವ್ಯಾಪಾರಕ್ಕೆ ಬಂದೋಳು ಅತ್ರೆ ಗಿರಾಕಿ ಬೆಲೆ ಕೊಡ್ತಾನಾ? ಇದ್ನ ನಾನ್ ಯೋಳಿದ್ನಾ ನಿಂಗೆ, ಏಜೆಂಟಪ್ಪ?”

“ಅಲ್ಲ, ಇಲ್ಲಿ ಅಚ್ಚಾಗೋಗದೆ ಕಣಮ್ಮ,” ಎಂದ ನಿಂಗರಾಜು.

“ಅಚ್ಚಾದ್ರೆ? ಕಾಗ್ದ ಅಲ್ವಾ ಅದು, ಕಲ್ಲಾ?”

ಗಾಡಿಗಳ ಮೇಲಿದ್ದ ಹೆಂಗಸರೆಲ್ಲ ಒಟ್ಟಿಗೆ ಮಾತಾಡತೊಡಗಿದರು. ಅಳಲಿಲ್ಲ, ಬಾವಿತಾವ ಕೇಳಿದಾಗ ಅಳಲಿಲ್ಲ ಎಂದು ಒಬ್ಬಳು. ಚೆಲುವಯ್ಯ ಎದ್ದು ಕೂತು ಯಾರು ಅತ್ತದ್ದು ಎಂದು ಕೇಳಿದ. ಬೆಟ್ಟಸ್ವಾಮಿ ಕಿವಿಯ ಹಿಂದಿನ ಪೆನ್ಸಿಲು ತೆಗೆದುಕೊಂಡು, ಟಿಕೆಟ್ ಪುಸ್ತಕದ ರಟ್ಟನ್ನು ತಿರುವಿ ಖಾಲಿ ಮಗ್ಗುಲು ಮಾಡಿಕೊಂಡು, ಜಗುಲಿ ಇಳಿದು ಗಾಡಿಯ ಹತ್ತಿರ ನಡೆದ.

“ಸರಿ ಅಕ್ಕ,” ಎಂದ. “ಅಳಲಿಲ್ಲ. ಮತ್ತೇನು ಮಾಡಿದ್ಲು?”