ಸದ್ಯಕ್ಕೆ ಇರಲಿ

ಒಂದಾನೊಂದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಒಂದು ಸರ್ವರ್ ಇತ್ತು. ಕಥೆಯ ರಾಕ್ಷಸನ ಜೀವ ಗಿಣಿಯೊಳಗೆ ಇದ್ದ ಹಾಗೆ ಮೇಲಿನ ಲ್ಯಾಬಿನ ಜೀವವೆಲ್ಲ ಅದರೊಳಗಿತ್ತು. ಬೆಳಿಗ್ಗೆ ಆರಕ್ಕೆ ಕರೆಂಟು ಹೋಗಿ ಬಂದದ್ದೇ ನೆಪ, ಮಲಗಿದ್ದು ಮತ್ತೆ ಏಳಲೊಲ್ಲೆ ಅಂದಿತು.

ಎಬ್ಬಿಸಲು ಬಂದ ಕಂಪ್ಯೂಟರಿನವಳು ಈಗ ಅದರ ಮುಂದೆ ಕಾಲು ಚಾಚಿ ನೆಲದ ಮೇಲೆ ಕೂತಿದ್ದಳು. ಮಧ್ಯಾಹ್ನ ಎರಡೂಕಾಲು. ಕೇಬಲ್ ಬದಲಿಸಿದ್ದಾಯಿತು, ಮೆಮೊರಿ ಕಿತ್ತು ಒರೆಸಿ ಹಾಕಿದ್ದಾಯಿತು. ಪ್ರತಿ ಸಲವೂ ಕಪ್ಪು ಪರದೆಯಲ್ಲಿ ಬಿಳಿ ಅಕ್ಷರಗಳು ಸರಸರ ಇಳಿದು, ಒಂದು ಡಿಸ್ಕಿನ ಉದ್ದುದ್ದ ನಂಬರಿನ ಹತ್ತಿರ ಒಂದೂವರೆ ನಿಮಿಷ ಕಾದು, ಕೈಚೆಲ್ಲುತ್ತಿದ್ದವು. ಒಳಗಿನ ಡಿಸ್ಕೇ ಸಾಯುತ್ತಿದೆಯೆಂದು ಅದನ್ನು ತಪಾಸಣೆಗೆ ಹಚ್ಚಿ ಎರಡು ಗಂಟೆ ಕಾದಳು. ಅದು ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿತ್ತು.

ಲ್ಯಾಬಿನವನು ಬಾಗಿಲಿಗೆ ಒರಗಿದ. "ಏನಕ್ಕಾ, ಎದ್ದನಾ ಕುಂಭಕರ್ಣ?"

"ಎಬ್ಬಿಸ್ತಾ ಇದೀನಿ. ನೀವು ಬಂದು ಜೋಗುಳ ಹಾಡ್ಬೇಡಿ."

"ಮೇಲೆ ಅಜ್ಜಿ ನಿಮ್ಮನ್ನೇ ಕೇಳ್ತಿದಾರೆ."

ಅವಳು ಕಣ್ಣುಜ್ಜಿಕೊಂಡಳು. ಅಜ್ಜಿಯ ಗಂಡನ ಗಡ್ಡೆಯ ರಿಪೋರ್ಟು ಈ ಪೆಟ್ಟಿಗೆಯೊಳಗಿತ್ತು. ಬರೆದ ಡಾಕ್ಟರು ಪ್ರಯಾಣದಲ್ಲಿದ್ದರು, ಮತ್ತೆ ಬರೆಸುವ ಹಾಗಿರಲಿಲ್ಲ. ಮೂರು ಗಂಟೆಯೊಳಗೆ ರಿಪೋರ್ಟು ಬಂದರೆ ಇವತ್ತೇ ಆಪರೇಷನ್, ಇಲ್ಲವಾದರೆ ಮುಂದಿನ ವಾರ. ಆಗಲೇ ಎರಡು ಸಲ ಮುಂದೆ ಹೋಗಿತ್ತು. ಹನ್ನೊಂದಕ್ಕೆ ನೀರು ಕುಡಿಯಲು ಹೋದಾಗ ಅಜ್ಜಿ ಕೈ ಹಿಡಿದುಕೊಂಡಿದ್ದರು. ಇವಳ ಬಾಯಿ ಸುಮ್ಮನಿರಲಿಲ್ಲ: "ನಿಮ್ಮ ಕೈಗೆ ಕೊಟ್ಟೇ ನಾನು ಮನೆಗೆ ಹೋಗೋದು ಅಜ್ಜಿ."

"ಹೋಗ್ಲಿ ಬಿಡಿ," ಲ್ಯಾಬಿನವನು ಸಮಾಧಾನಕ್ಕೆಂಬಂತೆ ಹೇಳಿದ, "ಆ ಟಿಕ್ ಟಿಕ್ ಡಬ್ಬಿ ಕಾಟ ಆದ್ರೂ ತಪ್ತು. ಹೋದ ವಾರ ಕಿತ್ತು ಡ್ರಾಯರಲ್ಲಿ ಹಾಕ್ದೆ."

"ಯಾವ ಡಬ್ಬಿ?"

"ಅದೇ, ಹಿಂದೆ ನೇತಾಡ್ತಿತ್ತಲ್ಲ, ಕಪ್ಪದು. ಕಿತ್ರೂ ಏನೂ ಆಗ್ಲಿಲ್ಲ, ಅದಕ್ಕೇ ಸುಮ್ನಾದೆ."

ಅವಳು ನೆಟ್ಟಗೆ ಕೂತಳು. ಏಳುವಾಗ ಯಾವ ಯಾವ ಡಿಸ್ಕನ್ನು ಹುಡುಕಬೇಕೆಂದು ಯಂತ್ರಕ್ಕೆ ಹೇಳುವ ಪಟ್ಟಿಯನ್ನು ತೆರೆದಳು. ಪರದೆಯ ಮೇಲೆ ಬೆರಳಿಟ್ಟು, ಯಂತ್ರ ನಿಂತುಬಿಡುತ್ತಿದ್ದ ಆ ನಂಬರನ್ನು ಒಂದೊಂದೇ ಅಕ್ಷರವಾಗಿ ಓದಿದಳು. ಒಳಗಿನ ಡಿಸ್ಕಿನದಲ್ಲ. ಕಟ್ಟಕಡೆಯ ಸಾಲಿನದು, ಹೊರಗೆ ಸಿಕ್ಕಿಸಿದ್ದ ಹಳೇ ಡಿಸ್ಕಿನದು, ಆ ಡಬ್ಬಿಯದು. ಸಾಲಿನ ಮೇಲೆ ಮೂರು ವರ್ಷದ ಹಿಂದೆ ತಾನೇ ಬರೆದಿಟ್ಟ ಮಾತು: 'ಸದ್ಯಕ್ಕೆ ಇರಲಿ. ಆಮೇಲೆ ತೆಗೆಯುತ್ತೇನೆ.'

ಬೆಳಗಿನಿಂದ ಯಂತ್ರ ಹೇಳಿದ ಮಾತು ಕೇಳಿಕೊಂಡು ಇಲ್ಲದ ಡಬ್ಬಿಗಾಗಿ ಕಾದಿತ್ತು, ಅಷ್ಟೆ.

"ಬೈಯೋದಾದ್ರೆ ಬೈದ್ಬಿಡಿ ಅಕ್ಕಾ," ಲ್ಯಾಬಿನವನ ಮುಖ ಸಣ್ಣದಾಯಿತು.

"ನಿಮ್ಮನ್ಯಾಕೆ? ಬೈಸ್ಕೊಳ್ಳೋರು ಇಲ್ಲೇ ನೆಲದ ಮೇಲೆ ಕೂತಿದಾರೆ."

ಸಾಲಿನ ಮುಂದೆ ಒಂದು ಗುರುತು ಹಾಕಿ ಅದನ್ನು ಸುಮ್ಮನಾಗಿಸಿದಳು. ಯಂತ್ರವನ್ನು ಮತ್ತೆ ಚಾಲೂ ಮಾಡಿದಳು. ಅಕ್ಷರಗಳು ಇಳಿದವು, ಇಳಿಯುತ್ತಲೇ ಹೋದವು. ಈ ಸಲ ಎಲ್ಲೂ ನಿಲ್ಲಲಿಲ್ಲ.

ಎರಡೂ ಮುಕ್ಕಾಲಿಗೆ ರಿಪೋರ್ಟಿನ ಹಾಳೆಯನ್ನು ತಾನೇ ಹಿಡಿದು ಮೇಲಿನ ಲ್ಯಾಬಿನಿಂದ ಹೊರಗೆ ಬಂದಳು. ಅಜ್ಜಿ ಗೋಡೆಗೆ ತಲೆಯಿಟ್ಟು ತೂಕಡಿಸುತ್ತಿದ್ದರು. ಮುಷ್ಟಿಯೊಳಗೆ ಅಜ್ಜ ಕಳಚಿಕೊಟ್ಟ ಗಡಿಯಾರ.

"ಬಂತಾ ಮಗಳೇ?"

"ಬಂತು ಅಜ್ಜಿ."

ಅಜ್ಜಿ ಗಡಿಯಾರವನ್ನು ಎಡಗೈಗೆ ಬದಲಿಸಿಕೊಂಡು ಬಲಗೈ ಚಾಚಿದರು. ಹಾಳೆ ಇನ್ನೂ ಬೆಚ್ಚಗಿತ್ತು.