ಹೊಟ್ಟೆಯ ಮೇಲೆ ಮೂರು ಚುಕ್ಕಿ

"ಏ ಬಕೆಟ್ಟು, ಕಣ್ಣೇನು ಬೆನ್ನಲ್ಲಿ ಇಟ್ಕೊಂಡಿದ್ದೀಯಾ? ಆ ಮಿಷನ್ನಿಗೆ ಒದ್ದೆ ಬಟ್ಟೆ ತಾಗಿಸ್ಬೇಡ. ನಿನ್ನ ಏಳು ತಲೆಮಾರು ಮಾರಿದ್ರೂ ಅದರ ಒಂದು ಸ್ಕ್ರೂ ಬರಲ್ಲ, ದರಿದ್ರದವಳೇ."

ಹೀಗೆ ಬೆಳಬೆಳಗ್ಗೆ ಹರಸಿದವನು ಆಸ್ಪತ್ರೆಯ ಮೇಲ್ವಿಚಾರಕ. ಹರಸಿಕೊಂಡವಳು ಆಪರೇಷನ್ ಕೋಣೆಯ ನೆಲ ಒರೆಸುವವಳು. ಎರಡು ಕೈಗೆರಡು ಬಕೆಟ್ಟು ಹಿಡಿದು ದಿನವೂ ಮೂರು ಮಹಡಿ ಹತ್ತಿಳಿಯುವ ಅವಳನ್ನು ಎಲ್ಲರೂ ಬಕೆಟ್ಟಮ್ಮ ಎಂದೇ ಕರೆಯುತ್ತಿದ್ದರು.

ಮಿಷನ್ನು ಬಂದು ಮೂರು ವರ್ಷವಾಗಿತ್ತು. ಹೊಟ್ಟೆ ಸೀಳದೆ, ಮೂರೇ ಮೂರು ಸಣ್ಣ ತೂತು ಹಾಕಿ, ಒಳಗೆ ಕ್ಯಾಮೆರಾ ಇಳಿಸಿ ಗರ್ಭಕೋಶದ ಗಡ್ಡೆ ತೆಗೆಯುವ ಮಿಷನ್ನು. ಮಂತ್ರಿಗಳು ಬಂದು ರಿಬ್ಬನ್ನು ಕತ್ತರಿಸಿದ್ದರು. ಅದರ ಮುಂದೆ ಕತ್ತರಿ ಆಡಿದ್ದು ಅದೊಂದೇ ಸಲ. ನಡೆಸಲು ಕಲಿತಿದ್ದ ಡಾಕ್ಟರಮ್ಮನನ್ನು ಎರಡನೇ ತಿಂಗಳಿಗೇ ರಾಜಧಾನಿಗೆ ವರ್ಗ ಮಾಡಿದರು. ಅಲ್ಲಿ ಆ ವಿದ್ಯೆ ಬಲ್ಲವರು ಹದಿನಾಲ್ಕು ಜನ ಮೊದಲೇ ಇದ್ದರಂತೆ. ಹದಿನೈದನೆಯವರಿಲ್ಲದೆ ಕೆಲಸ ನಿಂತುಹೋಗಿತ್ತೋ ಏನೋ. ಇಲ್ಲಿ ಮಿಷನ್ನು ಹಸಿರು ಮುಸುಕು ಹೊದ್ದು, ಬಾಗಿಲು ತೆರೆಯದ ದೇವರ ಹಾಗೆ ಮೂಲೆಯಲ್ಲಿ ಕೂತಿತು. ಶನಿವಾರ ಶನಿವಾರ ಬಕೆಟ್ಟಮ್ಮ ಆ ಮುಸುಕನ್ನು ಒಗೆದು ಹಾಕುವಳು. ಧೂಳು ಕೊಡವುತ್ತಾ, ಯಾರಿಗೂ ಕೇಳದ ಹಾಗೆ, "ಕಣ್ಣು ಬಿಡಪ್ಪಾ" ಎನ್ನುವಳು.

ಅವಳ ಹೊಟ್ಟೆಯಲ್ಲೂ ಒಂದು ಗಡ್ಡೆ ಇತ್ತು. ತಿಂಗಳಲ್ಲಿ ಹದಿನೈದು ದಿನ ರಕ್ತಸ್ರಾವ. ಮೆಟ್ಟಿಲ ತಿರುವಿನಲ್ಲಿ ಬಕೆಟ್ಟು ಇಳಿಸಿ, ಕಣ್ಣು ಕತ್ತಲೆ ಬಂದದ್ದು ಹೋಗುವವರೆಗೆ ಗೋಡೆ ಹಿಡಿದು ನಿಲ್ಲುವಳು. ಹೊಟ್ಟೆ ಕುಯ್ದು ತೆಗೆಯುತ್ತೇವೆ, ಆಮೇಲೆ ಮೂರು ತಿಂಗಳು ಭಾರ ಎತ್ತಕೂಡದು ಎಂದರು ದೊಡ್ಡ ಡಾಕ್ಟರು. ಮೂರು ದಿನ ಬರದಿದ್ದರೆ ಬೇರೆಯವಳನ್ನು ಹಾಕುತ್ತೇನೆ ಎಂದ ಕೆಲಸದ ಗುತ್ತಿಗೆದಾರ. ಇಬ್ಬರೂ ಅವಳ ಒಳ್ಳೆಯದಕ್ಕೇ ಹೇಳಿದ್ದರು.

ಕುಯ್ಸಿಕೊಂಡರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಎರಡನೇ ಮಹಡಿ ಒರೆಸುತ್ತಿದ್ದ ಅವಳ ಓರಗಿತ್ತಿ ಹೋದ ವರ್ಷ ಕುಯ್ಸಿಕೊಂಡು, ಕೆಲಸ ಹೋದೀತೆಂದು ಇಪ್ಪತ್ತನೇ ದಿನಕ್ಕೇ ಬಕೆಟ್ಟು ಎತ್ತಿದಳು. ಮೆಟ್ಟಿಲ ಮೇಲೆ ಹೊಲಿಗೆ ಬಿಚ್ಚಿತು. ಈಗ ಹೊಟ್ಟೆಗೆ ಹಳೇ ಬಟ್ಟೆ ಬಿಗಿದುಕೊಂಡು ಮನೆಯಲ್ಲಿ ಕೂತಿದ್ದಾಳೆ, ಒಂದು ಬಿಂದಿಗೆ ನೀರೂ ಎತ್ತಲಾರಳು. ಅವಳ ಮಹಡಿಯೂ ಬಕೆಟ್ಟಮ್ಮನ ಪಾಲಿಗೇ ಬಂತು.

ಅದೇ ವರ್ಷ ದೊಡ್ಡ ಡಾಕ್ಟರ ಹೆಂಡತಿಗೂ ಗಡ್ಡೆಯಾಯಿತು. ಅವರು ರಾಜಧಾನಿಗೆ ಹೋಗಿ ಮೂರು ತೂತಿನಲ್ಲಿ ತೆಗೆಸಿಕೊಂಡು, ತಿಂಗಳು ತುಂಬುವ ಮೊದಲೇ ಬ್ಯಾಡ್ಮಿಂಟನ್ ಆಡಿದರು. ಬಕೆಟ್ಟಮ್ಮ ಧೈರ್ಯ ಮಾಡಿ ಡಾಕ್ಟರನ್ನೇ ಕೇಳಿದಳು.

"ಅವರದ್ದು ಬೇರೆ ಥರದ ಗಡ್ಡೆ ಕಣಮ್ಮಾ," ಎಂದರು ಡಾಕ್ಟರು.

ಗಡ್ಡೆಯಲ್ಲೂ ಮೇಲು ಕೀಳು ಉಂಟೆಂದು ಅವಳಿಗೆ ತಿಳಿದದ್ದು ಅಂದೇ.

ಹೀಗಿರುವಾಗ, ಮಿಷನ್ನು ಕೆಲಸ ಮಾಡುತ್ತಿದೆಯೋ ಇಲ್ಲವೋ ನೋಡಲು ರಾಜಧಾನಿಯಿಂದ ಸಾಹೇಬರು ಬರುತ್ತಾರೆಂದು ಸುದ್ದಿಯಾಯಿತು. ಆಸ್ಪತ್ರೆಗೆ ಆಸ್ಪತ್ರೆಯೇ ಬೆವರಿತು. ಯಾರನ್ನಾದರೂ ಮೇಜಿನ ಮೇಲೆ ಮಲಗಿಸಿ, ಮಿಷನ್ನು ಹಚ್ಚಿ, ಫೋಟೋ ಹೊಡೆದುಬಿಡೋಣ ಎಂದ ಮೇಲ್ವಿಚಾರಕ. ಹೊರಗಿನವರಾದರೆ ಬಾಯಿ ಬಿಟ್ಟಾರು. ಸಿಸ್ಟರು ಮೂಲೆಯಲ್ಲಿ ನೆಲ ಒರೆಸುತ್ತಿದ್ದವಳ ಕಡೆ ನೋಡಿದರು.

"ಮತ್ತಿನ ಸೂಜಿ ಚುಚ್ಚಿಸ್ಕೊಂಡವಳ ಹಾಗೆ ಬಿದ್ದಿರು, ಅಷ್ಟೇ ನಿನ್ನ ಕೆಲಸ," ಎಂದ ಮೇಲ್ವಿಚಾರಕ. "ಕೆಮ್ಮಿದ್ರೆ ಹಲ್ಲು ಉದುರಿಸ್ತೀನಿ."

ಬಕೆಟ್ಟಮ್ಮ ಒಪ್ಪಿದಳು. ಸಾಹೇಬರು ಬರುವ ದಿನ ತಣ್ಣೀರಲ್ಲಿ ತಲೆಗೆ ಸ್ನಾನ ಮಾಡಿ, ಹಿಂದಿನ ರಾತ್ರಿಯಿಂದ ಏನೂ ತಿನ್ನದೆ ಬಂದಳು. ಆಪರೇಷನ್ನಿಗೆ ಬರುವವರಿಗೆ ಸಿಸ್ಟರು ಹಾಗೆ ಹೇಳುವುದನ್ನು ಹನ್ನೊಂದು ವರ್ಷದಿಂದ ಕೇಳಿದ್ದಳಲ್ಲ. ಜೊತೆಗೆ ಓರಗಿತ್ತಿಯನ್ನೂ ಕರೆತಂದು ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂರಿಸಿದಳು. ತೆಗೆದ ಗಡ್ಡೆಯನ್ನು ಸ್ಟೀಲಿನ ಟ್ರೇಯಲ್ಲಿಟ್ಟು ಮನೆಯವರಿಗೆ ತೋರಿಸುವುದು ಆ ಆಸ್ಪತ್ರೆಯ ಪದ್ಧತಿ. ಟ್ರೇ ಹಿಡಿದು ಹೊರಗೆ ಹೋಗುವವಳು ಬಕೆಟ್ಟಮ್ಮನೇ ಆಗಿದ್ದಳು.

ಮಿಷನ್ನು ಹಚ್ಚುವುದು ಹೇಗೆಂದು ಯಾರಿಗೂ ತಿಳಿಯಲಿಲ್ಲ. ಡಾಕ್ಟರು ಮುಂದೆ ತಡಕಿದರು, ಮೇಲ್ವಿಚಾರಕ ಹಿಂದೆ ತಡಕಿದ.

"ಎಡಗಡೆ, ಹಿಂದೆ, ಕೆಳಗಿನ ಗುಂಡಿ," ಎಂದಿತು ಮೇಜಿನ ಮೇಲಿನ ಹೆಣ್ಣುದನಿ.

ಪರದೆ ಬೆಳಗಿತು. ಮೊದಲು ಕಂಡದ್ದು ಮೇಲ್ವಿಚಾರಕನ ಮೂಗಿನ ಹೊಳ್ಳೆ, ಗೋಡೆಯಗಲ. ಸಿಸ್ಟರು ನಗು ನುಂಗಿ, ಪುಸ್ತಕ ನೋಡಿಕೊಂಡು ಬಕೆಟ್ಟಮ್ಮನ ಹೊಟ್ಟೆಯ ಮೇಲೆ ನೀಲಿ ಪೆನ್ನಿನಲ್ಲಿ ಮೂರು ಚುಕ್ಕಿ ಇಟ್ಟರು. ಪೆನ್ನು ತಣ್ಣಗಿತ್ತು. ಅವಳಿಗೆ ಯಾಕೋ ಕಣ್ಣು ತುಂಬಿ ಬಂತು. ಮತ್ತಿನಲ್ಲಿರುವವರು ಅಳುವುದಿಲ್ಲವೆಂದು ನೆನೆದು ಕಣ್ಣು ಮುಚ್ಚಿದಳು.

ಸಾಹೇಬರು ಬಂದರು. ಬಾಗಿಲಲ್ಲೇ ನಿಂತು, ಇಷ್ಟು ದೂರದ ಊರಲ್ಲೂ ಎಂಥಾ ಸಾಧನೆ ಎಂದರು. ಡಾಕ್ಟರು ಕೈಯಲ್ಲಿ ತುದಿಗೆ ಕ್ಯಾಮೆರಾ ಇದ್ದ ಕೋಲಿನಂಥದ್ದೊಂದು ಹಿಡಿದು ಗಂಭೀರವಾದರು. ಫೋಟೋ ಆಯಿತು. ಕ್ಯಾಮೆರಾವನ್ನು ಅವಳ ಹೊಟ್ಟೆಯತ್ತ ಮುಖ ಮಾಡಿದ್ದಂತೆಯೇ ಬಿಟ್ಟು ಎಲ್ಲರೂ ಟೀ ಕುಡಿಯಲು ಹೊರಟರು.

ಮೇಲ್ವಿಚಾರಕ ಮೆಲ್ಲಗೆ ಮೇಜಿನ ಬಳಿ ಬಂದ. "ಏಳೇ, ಮುಗೀತು. ಹೋಗಿ ಮೆಟ್ಟಿಲು ಒರೆಸು."

ಬಕೆಟ್ಟಮ್ಮ ಕಣ್ಣು ಬಿಟ್ಟಳು.

"ಮುಗೀತಾ? ಮತ್ತೆ ಗಡ್ಡೆ ಎಲ್ಲಿ, ತೋರ್ಸಿ."

"ಏಯ್, ತಮಾಷೆ ಮಾಡ್ತೀಯಾ? ಇಳೀತೀಯೋ, ಎಳೆದು ಹಾಕ್ಲೋ?"

"ಎಳೀರಿ." ಅವಳು ಮೇಜಿನ ಎರಡೂ ಬದಿಯ ಕಬ್ಬಿಣವನ್ನು ಹಿಡಿದಳು. ದಿನಕ್ಕೆ ನಲವತ್ತು ಬಕೆಟ್ಟು ಎತ್ತಿದ ಕೈ. ಅವನು ಎಳೆದ; ಮೇಜು ಕದಲಿತು, ಅವಳು ಕದಲಲಿಲ್ಲ. "ಗುಂಡಿ ನಾನೇ ತೋರ್ಸಿದೀನಿ. ಓಡ್ಸೋರನ್ನ ನೀವು ಕರ್ಸಿ. ಅಲ್ಲೀವರೆಗೂ ಇಲ್ಲೇ ಮಲಗಿರ್ತೀನಿ."

ಹೊರಗೆ ಮೊಗಸಾಲೆಯಲ್ಲಿ ಸಾಹೇಬರ ಬೂಟಿನ ಸದ್ದು ತಟ್ಟನೆ ನಿಂತಿತು. ಬೆಂಚಿನಿಂದ ಎದ್ದ ಓರಗಿತ್ತಿ, ಒಂದು ಕೈಯಲ್ಲಿ ಹೊಟ್ಟೆ ಒತ್ತಿಹಿಡಿದು, ದಾರಿಗೆ ಅಡ್ಡ ನಿಂತಿದ್ದಳು.

"ಆಪರೇಷನ್ ಆಯ್ತಲ್ಲ ಸ್ವಾಮಿ. ನಾನು ಅವಳ ಮನೆಯವಳು. ಟ್ರೇ ಯಾಕೆ ಇನ್ನೂ ಬಂದಿಲ್ಲ?"

ಒಳಗೆ, ಆರಿಸಲು ಯಾರಿಗೂ ತಿಳಿಯದ ಪರದೆಯ ಮೇಲೆ, ಮೂರು ನೀಲಿ ಚುಕ್ಕಿಗಳು ಗೋಡೆಯಗಲ ಬೆಳೆದು, ಉಸಿರಿನ ಜೊತೆ ಏಳುತ್ತಿದ್ದವು, ಇಳಿಯುತ್ತಿದ್ದವು.